ನಿದ್ದೆ ಬರ್ತಿಲ್ಲ ಅಂದವರ ಮನಸ್ಸಿನ ಕಷ್ಟವನ್ನು ಮಷಿನ್ ಗುರುತಿಸಬಲ್ಲದೇ?

ನಮ್ಮ ದೊಡ್ಡಮ್ಮ ಒಂದೂವರೆ ವರ್ಷ ಒಂದೇ ಮಾತು ಹೇಳುತ್ತಿದ್ದರು. "ನಿದ್ದೆ ಬರಲ್ಲ ಕಣೋ." ರಾತ್ರಿ ಹತ್ತಕ್ಕೆ ಮಲಗುತ್ತಿದ್ದರು, ಮೂರಕ್ಕೆ ಎಚ್ಚರ. ಆಮೇಲೆ ಹಿತ್ತಿಲ ಬಾಗಿಲು ತೆಗೆದು ಬೆಳಕು ಹರಿಯುವವರೆಗೂ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಊರಿನ ಕ್ಲಿನಿಕ್‌ನಲ್ಲಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಮುಗಿದಾಗ ಮತ್ತೆ ಬರೆದುಕೊಟ್ಟರು. ಕೊನೆಗೆ ಬೇರೆ ಕಡೆ ತೋರಿಸಿದಾಗ ಅಲ್ಲಿನ ಡಾಕ್ಟರು, "ಅಮ್ಮಾ, ಮೂರು ಗಂಟೆಗೆ ಎದ್ದು ಕೂತಾಗ ಏನು ಯೋಚನೆ ಬರುತ್ತೆ?" ಅಂತ ಕೇಳಿದರು. ದೊಡ್ಡಮ್ಮ ಉತ್ತರ ಹೇಳಲಿಲ್ಲ. ಅತ್ತುಬಿಟ್ಟರು. ಅವರಿಗಿದ್ದದ್ದು ಖಿನ್ನತೆ ಅಂತ ನಮಗೆ ಗೊತ್ತಾಗಿದ್ದು ಆವತ್ತು.

ನಿದ್ದೆ ಬರಲ್ಲ ಅಂತ ಹೇಳೋಕೆ ನಮ್ಮಲ್ಲಿ ಯಾರಿಗೂ ಸಂಕೋಚ ಇಲ್ಲ. ಬಸ್ಸಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತೇವೆ. ಮನಸ್ಸು ಸರಿ ಇಲ್ಲ ಅಂತ ಮಾತ್ರ ಮನೆಯವರಿಗೂ ಹೇಳುವುದಿಲ್ಲ. ಹಾಗಾಗಿ ಮನಸ್ಸಿನ ಕಷ್ಟ ಎಷ್ಟೋ ಸಲ ನಿದ್ದೆಯ ಹೆಸರು ಹೇಳಿಕೊಂಡೇ ಡಾಕ್ಟರ ಮುಂದೆ ಬಂದು ಕೂರುತ್ತದೆ. ಅದನ್ನು ಅಲ್ಲೇ, ಆಗಲೇ ಗುರುತಿಸಲು ಕಂಪ್ಯೂಟರ್ ಸಹಾಯ ಮಾಡಬಹುದೇ ಅಂತ ಸಂಶೋಧಕರು ಕೆಲವು ವರ್ಷಗಳಿಂದ ನೋಡುತ್ತಿದ್ದಾರೆ. ಇದಕ್ಕೆ ಬಳಸುವ ವಿಧಾನವೇ ಮಷಿನ್ ಲರ್ನಿಂಗ್. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಅಂತ ನೋಡೋಣ.

ಮೊದಲು ನಿದ್ದೆಗೂ ಮನಸ್ಸಿಗೂ ಇರುವ ನಂಟು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತದೆ ನಮ್ಮ ಗಾದೆ. ಅಂದರೆ ಮನಸ್ಸು ನೆಮ್ಮದಿಯಾಗಿದ್ದರೆ ನಿದ್ದೆ ತಾನಾಗಿ ಬರುತ್ತದೆ. ಇದು ನಿಜ, ಆದರೆ ಅರ್ಧ ನಿಜ. ನಿದ್ದೆ ಮೊದಲು ಕೆಟ್ಟು, ಅದರ ಹಿಂದೆ ಮನಸ್ಸು ಕೆಡುವುದೂ ಇದೆ. 2011ರಲ್ಲಿ ಬಾಗ್ಲಿಯೋನಿ ಅನ್ನುವ ಸಂಶೋಧಕಿ ಮತ್ತು ಸಂಗಡಿಗರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 21 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಶುರುವಿನಲ್ಲಿ ಖಿನ್ನತೆ ಇಲ್ಲದ, ಆದರೆ ನಿದ್ರಾಹೀನತೆ ಇದ್ದವರಿಗೆ ಮುಂದೆ ಖಿನ್ನತೆ ಬರುವ ಅಪಾಯ, ಚೆನ್ನಾಗಿ ನಿದ್ದೆ ಮಾಡುವವರಿಗಿಂತ ಸುಮಾರು ಎರಡು ಪಟ್ಟು ಇತ್ತು.

ಒಂದೇ ರಾತ್ರಿಯ ನಿದ್ದೆ ತಪ್ಪಿದರೂ ಮೆದುಳಿನಲ್ಲಿ ವ್ಯತ್ಯಾಸ ಕಾಣುತ್ತದೆ. 2007ರಲ್ಲಿ ನಿದ್ದೆಯ ಸಂಶೋಧಕ ಮ್ಯಾಥ್ಯೂ ವಾಕರ್ ಅವರ ತಂಡ ಕೆಲವರನ್ನು ಸುಮಾರು 35 ಗಂಟೆ ಎಚ್ಚರವಾಗಿಟ್ಟು, ಬೇಸರ ತರುವ ಚಿತ್ರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿತು. ಭಯ, ಆತಂಕಕ್ಕೆ ಸ್ಪಂದಿಸುವ ಅಮಿಗ್ಡಲಾ ಅನ್ನುವ ಭಾಗ, ನಿದ್ದೆ ಮಾಡಿದವರಿಗಿಂತ ಇವರಲ್ಲಿ ಶೇ 60ರಷ್ಟು ಜಾಸ್ತಿ ಕೆರಳಿತ್ತು. ನಿದ್ದೆ ಸರಿಪಡಿಸಿದರೆ ಮನಸ್ಸೂ ಸುಧಾರಿಸುತ್ತದಾ? ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗದ ವರದಿ 2017ರಲ್ಲಿ ಬಂತು. ನಿದ್ರಾಹೀನತೆಗೆಂದೇ ಇರುವ ಆನ್‌ಲೈನ್ ಚಿಕಿತ್ಸೆ ಪಡೆದವರಲ್ಲಿ ನಿದ್ದೆ ಸುಧಾರಿಸಿತು. ಅದರ ಜೊತೆಗೆ ವಿನಾಕಾರಣ ಅನುಮಾನ ಪಡುವುದು, ಇಲ್ಲದ್ದು ಕಾಣುವುದು, ಕೇಳಿಸುವುದು ಕೂಡ ಕಡಿಮೆಯಾಯಿತು. ನಿದ್ದೆಯ ದೂರು ಹೇಳಿಕೊಂಡು ಬಂದವರನ್ನು ಸುಮ್ನೆ ಮಾತ್ರೆ ಕೊಟ್ಟು ಕಳಿಸಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಡಾಕ್ಟರೇ ಕೇಳಬಹುದಲ್ವಾ, ಮಷಿನ್ ಯಾಕೆ? ಕೇಳಬಹುದು, ಕೇಳಬೇಕು ಕೂಡ. ಆದರೆ ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಒಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಭಾರತದಲ್ಲಿ ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಶೇ 70ರಿಂದ 92. ಇಷ್ಟು ಜನರಲ್ಲಿ ಯಾರನ್ನು ಮೊದಲು ಕೂರಿಸಿ ಮಾತಾಡಿಸಬೇಕು ಅಂತ ತೋರಿಸುವುದೇ ಸ್ಕ್ರೀನಿಂಗ್. ಅದು ಕಾಯಿಲೆ ಇದೆ ಅಂತ ಹೇಳುವ ತೀರ್ಪಲ್ಲ. ಜರಡಿ ಅಷ್ಟೇ.

ಕಾಗದದ ಜರಡಿಗಳು ಹಿಂದಿನಿಂದಲೂ ಇವೆ. ನಿದ್ದೆಗೆ ಪಿಟ್ಸ್‌ಬರ್ಗ್ ಪ್ರಶ್ನಾವಳಿ ಇದೆ, 1989ರದು. ಕಳೆದ ಒಂದು ತಿಂಗಳ ನಿದ್ದೆ ಬಗ್ಗೆ 19 ಪ್ರಶ್ನೆ. ಅಂಕ 0ಯಿಂದ 21. ಐದು ದಾಟಿದರೆ ನಿದ್ದೆ ಸರಿ ಇಲ್ಲ ಅಂತ ಲೆಕ್ಕ. ಖಿನ್ನತೆಗೆ 2001ರಲ್ಲಿ ಬಂದ ಪಿಎಚ್‌ಕ್ಯೂ-9 ಇದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಅಂಕ 0ಯಿಂದ 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನಷ್ಟು ವಿಚಾರಿಸಿ ನೋಡಬೇಕು. ಆತಂಕಕ್ಕೆ ಇಂಥದ್ದೇ ಇನ್ನೊಂದು ಇದೆ, ಜಿಎಡಿ-7. ಇವೆಲ್ಲ ಅಂಕ ಕೂಡಿಸಿ ಗೆರೆ ಎಳೆಯುವ ಪದ್ಧತಿ. ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನುವುದು ಮೊದಲೇ ನಿಗದಿ, ಎಲ್ಲರಿಗೂ ಒಂದೇ ಗೆರೆ.

ಮಷಿನ್ ಲರ್ನಿಂಗ್ ಬೇರೆ ದಾರಿ ಹಿಡಿಯುತ್ತದೆ. ಮಲೆನಾಡಿನಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡುವವರನ್ನು ನೋಡಿದ್ದೀರಾ? ಕೈ ಓಡುತ್ತಲೇ ಇರುತ್ತದೆ. ಹೇಗೆ ಗೊತ್ತಾಗುತ್ತೆ ಅಂತ ಕೇಳಿದರೆ ಪೂರ್ತಿ ವಿವರಿಸಲು ಅವರಿಗೂ ಕಷ್ಟ. ಅವರು ನಿಯಮ ಬಾಯಿಪಾಠ ಮಾಡಿ ಕಲಿತವರಲ್ಲ. ತಿಳಿದವರು ಬೇರೆ ಮಾಡಿಟ್ಟ ಅಡಿಕೆಯನ್ನು ಸಾವಿರಗಟ್ಟಲೆ ನೋಡಿ ನೋಡಿ ಕಣ್ಣಿಗೆ ಬಂದ ಅಭ್ಯಾಸ ಅದು. ಮಷಿನ್ ಕಲಿಯುವುದೂ ಹೀಗೇ. ಸಾವಿರಾರು ಜನರ ಮಾಹಿತಿ ಕೊಡುತ್ತಾರೆ. ವಯಸ್ಸು, ಎಷ್ಟು ಗಂಟೆಗೆ ಮಲಗುತ್ತಾರೆ, ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು, ರಾತ್ರಿ ಎಷ್ಟು ಸಲ ಏಳುತ್ತಾರೆ, ಹಗಲು ಎಷ್ಟು ಓಡಾಡುತ್ತಾರೆ, ಹೀಗೆ. ಜೊತೆಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಉತ್ತರವೂ ಇರುತ್ತದೆ. ಇವರಿಗೆ ಖಿನ್ನತೆ ಇತ್ತು, ಇವರಿಗೆ ಇರಲಿಲ್ಲ ಅಂತ. ಯಾವ ಮಾಹಿತಿ ಯಾವುದರ ಜೊತೆ ಸೇರಿದಾಗ ಯಾವ ಉತ್ತರ ಬರುತ್ತದೆ ಅನ್ನುವುದನ್ನು ಮಷಿನ್ ತಾನೇ ಕಂಡುಕೊಳ್ಳಬೇಕು.

ಇದಕ್ಕೆ ಜಾಸ್ತಿ ಬಳಕೆಯಲ್ಲಿರುವ ಒಂದು ವಿಧಾನ ರ‍್ಯಾಂಡಮ್ ಫಾರೆಸ್ಟ್. 2001ರಲ್ಲಿ ಲಿಯೋ ಬ್ರೈಮನ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಇದನ್ನು ವಿವರಿಸಿದರು. ಅದರ ಬುಡದಲ್ಲಿ ಇರುವುದು ಪ್ರಶ್ನೆಗಳ ಒಂದು ಮರ. ಬೆಳಗಿನ ಜಾವ ಬೇಗ ಎಚ್ಚರವಾಗುತ್ತದಾ? ಹೌದಾದರೆ ಈ ಕೊಂಬೆ, ಇಲ್ಲವಾದರೆ ಆ ಕೊಂಬೆ. ಮುಂದೆ ಇನ್ನೊಂದು ಪ್ರಶ್ನೆ, ಮತ್ತೆರಡು ಕೊಂಬೆ. ಒಂದೇ ಮರವನ್ನು ನಂಬಿದರೆ ಮೋಸ ಹೋಗುತ್ತೇವೆ. ಅದು ತಾನು ನೋಡಿದ ಜನರನ್ನಷ್ಟೇ ಬಾಯಿಪಾಠ ಮಾಡಿರುತ್ತದೆ. ಅದಕ್ಕೆ ನೂರಾರು ಮರ ಬೆಳೆಸುತ್ತಾರೆ. ಒಂದೊಂದಕ್ಕೂ ಮಾಹಿತಿಯ ಬೇರೆ ಬೇರೆ ತುಣುಕು ತೋರಿಸುತ್ತಾರೆ. ಕೊನೆಗೆ ಎಲ್ಲ ಮರಗಳೂ ಮತ ಹಾಕುತ್ತವೆ. ನೂರರಲ್ಲಿ ಎಪ್ಪತ್ತು ಮರ "ಅಪಾಯ ಇದೆ" ಅಂದರೆ ಆ ವ್ಯಕ್ತಿಯನ್ನು ಗುರುತು ಹಾಕುತ್ತದೆ.

ಇನ್ನು ಕೆಲವರು ಪ್ರಶ್ನೆ ಕೇಳುವುದನ್ನೇ ಬಿಟ್ಟು ಮಣಿಕಟ್ಟಿನ ಕಡೆ ತಿರುಗಿದ್ದಾರೆ. ವಾಚಿನಂಥ ಸಣ್ಣ ಸಾಧನ ಕೈಯ ಅಲುಗಾಟವನ್ನು ನಿಮಿಷ ನಿಮಿಷಕ್ಕೂ ಬರೆದಿಡುತ್ತದೆ. ಯಾರಿಗೆ ಬೇಕಾದರೂ ಸಿಗುವ ಇಂಥ ಮಾಹಿತಿಯಲ್ಲಿ ನಾರ್ವೆಯ ಒಂದು ಕಡತ ಪ್ರಸಿದ್ಧ. ಹೆಸರು ಡೆಪ್ರೆಶೂನ್, ಅಲ್ಲಿನ ಭಾಷೆಯಲ್ಲಿ ಖಿನ್ನತೆ ಅಂತಲೇ ಅರ್ಥ. 2018ರಲ್ಲಿ ಹೊರಬಂತು. ಖಿನ್ನತೆ ಅಥವಾ ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ, ಒಮ್ಮೆ ತೀರಾ ಕುಗ್ಗುವ) ತೊಂದರೆ ಇದ್ದ 23 ಜನ, ಇಲ್ಲದ 32 ಜನ, ಒಟ್ಟು 693 ದಿನಗಳ ಅಲುಗಾಟ. ಜಗತ್ತಿನ ಎಷ್ಟೋ ವಿದ್ಯಾರ್ಥಿಗಳು ಇದರ ಮೇಲೆ ತಮ್ಮ ಮಷಿನ್‌ಗಳನ್ನು ಪಳಗಿಸಿದ್ದಾರೆ.

ಇಲ್ಲಿ ಒಂದು ಗುಂಡಿ ಇದೆ. ಈ ಕ್ಷೇತ್ರದ ಯಾವ ಸುದ್ದಿ ಓದಿದರೂ ಇದನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. 693 ದಿನಗಳನ್ನು ಕಲಸಿ, ಮುಕ್ಕಾಲು ಭಾಗ ಕಲಿಯಲು, ಕಾಲು ಭಾಗ ಪರೀಕ್ಷೆಗೆ ಇಟ್ಟರು ಅಂದುಕೊಳ್ಳಿ. ಆಗ ಒಬ್ಬರದೇ ಸೋಮವಾರ ಕಲಿಕೆಗೆ ಹೋಗುತ್ತದೆ, ಅವರದೇ ಮಂಗಳವಾರ ಪರೀಕ್ಷೆಗೆ ಬರುತ್ತದೆ. ಮನುಷ್ಯನ ಓಡಾಟಕ್ಕೆ ಅವನದೇ ಒಂದು ಗತ್ತು ಇರುತ್ತದೆ. ಮಷಿನ್ ಆ ಗತ್ತನ್ನು ಹಿಡಿದು "ಓ, ಇವರೇ ಅವರು" ಅಂತ ಗುರುತು ಹಿಡಿಯುತ್ತದೆ. ಖಿನ್ನತೆ ಹೇಗಿರುತ್ತದೆ ಅನ್ನುವುದನ್ನು ಅದು ಕಲಿತೇ ಇರುವುದಿಲ್ಲ. ಪಾಸಾಗುವುದೇನೋ ಜೋರಾಗಿಯೇ. ಪಾಠದಲ್ಲಿ ಬಿಡಿಸಿದ ಲೆಕ್ಕವೇ ಪರೀಕ್ಷೆಗೆ ಬಂದ ಹಾಗೆ. ಸರಿಯಾದ ಕ್ರಮ ಬೇರೆ. ಒಬ್ಬರ ಎಲ್ಲ ದಿನಗಳನ್ನೂ ಪೂರ್ತಿ ಹೊರಗಿಟ್ಟು, ಉಳಿದವರಿಂದ ಕಲಿಸಿ, ಆಮೇಲೆ ಆ ಹೊಸಬರನ್ನು ತೋರಿಸಿ ಕೇಳಬೇಕು. ಹೀಗೆ ಕೇಳಿದಾಗ ಅಂಕ ಸಾಮಾನ್ಯವಾಗಿ ಇಳಿಯುತ್ತದೆ. ಇಳಿದ ಆ ಅಂಕವೇ ನಂಬಬಹುದಾದ ಅಂಕ. ಶೇ 98 ನಿಖರ ಅಂತ ಯಾರಾದರೂ ಹೇಳಿದರೆ ಮೊದಲು ಇದನ್ನೇ ಕೇಳಿ. ಪರೀಕ್ಷೆಗೆ ಬಂದವರು ಹೊಸಬರಾ, ಪಾಠದಲ್ಲಿದ್ದವರೇನಾ?

ದೊಡ್ಡ ಗುಂಪಿನ ಮಾಹಿತಿಯೂ ಇದೆ. ಜನರ ಆರೋಗ್ಯದ ಮಾಹಿತಿಯನ್ನು ಸಂಶೋಧನೆಗೆಂದು ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಸುಮಾರು ಒಂದು ಲಕ್ಷ ಜನ ಒಂದು ವಾರ ಇಂಥ ಸಾಧನ ಕಟ್ಟಿಕೊಂಡಿದ್ದರು. ಅವರಲ್ಲಿ 91,105 ಜನರ ಮಾಹಿತಿಯನ್ನು ಆಧರಿಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಅದರಲ್ಲಿ ನೋಡಿದ್ದು ಬಹಳ ಸರಳವಾದ ಒಂದು ಅಳತೆ. ದಿನದಲ್ಲಿ ಅತಿ ಹೆಚ್ಚು ಓಡಾಡುವ ಹತ್ತು ಗಂಟೆಗೂ, ಅತಿ ಕಡಿಮೆ ಅಲುಗಾಡುವ ಐದು ಗಂಟೆಗೂ ಎಷ್ಟು ವ್ಯತ್ಯಾಸ? ಹಗಲು ಚುರುಕು, ರಾತ್ರಿ ನಿಶ್ಚಲ ಇದ್ದರೆ ವ್ಯತ್ಯಾಸ ದೊಡ್ಡದು. ಹಗಲೂ ಮಂಕು, ರಾತ್ರಿಯೂ ಹೊರಳಾಟ ಅಂದರೆ ಚಿಕ್ಕದು. ವ್ಯತ್ಯಾಸ ಚಿಕ್ಕದಿದ್ದವರಲ್ಲಿ ಖಿನ್ನತೆ, ಬೈಪೋಲಾರ್ ಎರಡೂ ಜಾಸ್ತಿ ಕಂಡವು. ರಾತ್ರಿಯ ಕಥೆಯ ಅರ್ಧ ಭಾಗ ಹಗಲಿನಲ್ಲಿ ಇರುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಎಲ್ಲರನ್ನೂ ಬಿಟ್ಟು ನಿದ್ದೆ ಸರಿ ಇಲ್ಲದವರಲ್ಲೇ ಯಾಕೆ ಹುಡುಕಬೇಕು? ಸ್ವಲ್ಪ ಲೆಕ್ಕ ಮಾಡಬೇಕು, ಕಷ್ಟದ್ದಲ್ಲ. 1989ರಲ್ಲಿ ಅಮೆರಿಕದಲ್ಲಿ ಫೋರ್ಡ್ ಮತ್ತು ಕಾಮೆರೋ ಅನ್ನುವ ಸಂಶೋಧಕರು 7,954 ಜನರ ಮಾಹಿತಿ ನೋಡಿದ್ದರು. ನಿದ್ದೆಯ ದೂರು ಇಲ್ಲದವರಲ್ಲಿ ಶೇ 16.4 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಿದ್ರಾಹೀನತೆ ಇದ್ದವರಲ್ಲಿ ಶೇ 40 ಜನರಿಗೆ.

ಒಂದು ಮಷಿನ್ ಇದೆ ಅಂತ ಇಟ್ಟುಕೊಳ್ಳಿ. ತೊಂದರೆ ಇರುವ ನೂರು ಜನರಲ್ಲಿ 80 ಜನರನ್ನು ಹಿಡಿಯುತ್ತದೆ. ಇಲ್ಲದ ನೂರು ಜನರಲ್ಲಿ 80 ಜನರನ್ನು ಸರಿಯಾಗಿ ಬಿಡುತ್ತದೆ, 20 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಈ 80 ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡದ್ದು. ಚೆನ್ನಾಗಿ ನಿದ್ದೆ ಮಾಡುವ ಸಾವಿರ ಜನರ ಮೇಲೆ ಇದನ್ನು ಹಾಯಿಸಿ. ತೊಂದರೆ ಇರುವವರು 164. ಅವರಲ್ಲಿ 131 ಜನ ಸಿಕ್ಕರು. ಇಲ್ಲದ 836 ಜನರಲ್ಲಿ 167 ಜನ ತಪ್ಪಾಗಿ ಸಿಕ್ಕರು. ಪಟ್ಟಿಯಲ್ಲಿ 298 ಹೆಸರು, ನಿಜವಾಗಿ ತೊಂದರೆ ಇರುವವರು ನೂರಕ್ಕೆ 44. ಅರ್ಧಕ್ಕಿಂತ ಜಾಸ್ತಿ ಜನರನ್ನು ಸುಮ್ನೆ ಹೆದರಿಸಿದ ಹಾಗಾಯಿತು. ಈಗ ಅದೇ ಮಷಿನನ್ನು ನಿದ್ದೆ ಇಲ್ಲದ ಸಾವಿರ ಜನರ ಮೇಲೆ ಹಾಯಿಸಿ. ತೊಂದರೆ ಇರುವ 400ರಲ್ಲಿ 320 ಸಿಕ್ಕರು. ಇಲ್ಲದ 600ರಲ್ಲಿ 120 ತಪ್ಪಾಗಿ ಸಿಕ್ಕರು. 440 ಹೆಸರಿನಲ್ಲಿ 320 ನಿಜ, ನೂರಕ್ಕೆ 73. ಮಷಿನ್ ಬದಲಾಗಲಿಲ್ಲ. ಎಲ್ಲಿ ಹುಡುಕಿದೆವು ಅನ್ನುವುದು ಬದಲಾಯಿತು. ನೀರಿನ ಸುಳಿವು ಇರುವ ಕಡೆ ಬಾವಿ ತೋಡಿದ ಹಾಗೆ.

ಆದರೆ ಇದಕ್ಕೆ ಬೆಲೆಯೂ ಇದೆ. ಊರಿನ ಎಲ್ಲರಲ್ಲಿ ಹುಡುಕುವಾಗ "ನಿದ್ದೆ ಕೆಟ್ಟಿದೆ" ಅನ್ನುವುದೇ ಒಂದು ದೊಡ್ಡ ಗುರುತು. ನಿದ್ದೆ ಕೆಟ್ಟವರಲ್ಲೇ ಹುಡುಕುವಾಗ ಆ ಗುರುತು ಎಲ್ಲರ ಮೇಲೂ ಇದೆ, ಉಪಯೋಗಕ್ಕೆ ಬರುವುದಿಲ್ಲ. ಮಷಿನ್‌ಗೆ ಕೆಲಸ ಕಷ್ಟವಾಗುತ್ತದೆ. ತಪ್ಪಾಗಿ ಹಿಡಿಯುವುದು ನೂರಕ್ಕೆ 20ರಿಂದ 35ಕ್ಕೆ ಏರಿತು ಅನ್ನಿ. ಆಗ 530 ಹೆಸರಲ್ಲಿ 320 ನಿಜ, ನೂರಕ್ಕೆ 60. ಹಿಂದಿನ 44ಕ್ಕಿಂತ ಆಗಲೂ ಮೇಲು. ಆದರೆ ಇಲ್ಲಿ ಎಷ್ಟು ಗಂಟೆ ನಿದ್ದೆ ಅನ್ನುವುದಕ್ಕಿಂತ ಬೇರೆ ಸುಳಿವುಗಳು ಬೇಕು. ನಿದ್ದೆ ಹತ್ತುವುದೇ ತಡವಾ, ಇಲ್ಲ ಬೆಳಗಿನ ಜಾವ ಎಚ್ಚರವಾಗಿ ಮತ್ತೆ ಬರುವುದಿಲ್ಲವಾ? ನಮ್ಮ ದೊಡ್ಡಮ್ಮನ ಮೂರು ಗಂಟೆಯ ಎಚ್ಚರ ಖಿನ್ನತೆಯಲ್ಲಿ ಮನೋವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಲಕ್ಷಣ. ಮಲಗುವ ಹೊತ್ತು ದಿನಕ್ಕೊಂದಾ? ಹಗಲಿನ ಓಡಾಟ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದೆಯಾ? ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರಬಹುದು. ಅವರನ್ನು ಮನೋವೈದ್ಯರ ಹತ್ತಿರ ಮಾತ್ರ ಕಳಿಸಿದರೆ ಅದೂ ತಪ್ಪೇ.

ಇನ್ನೊಂದು ಗುಂಡಿ ಸ್ವಲ್ಪ ಸೂಕ್ಷ್ಮದ್ದು. ಮಷಿನ್‌ಗೆ ಕೊಡುವ "ಸರಿ ಉತ್ತರ" ಎಲ್ಲಿಂದ ಬರುತ್ತದೆ? ಎಷ್ಟೋ ಅಧ್ಯಯನಗಳಲ್ಲಿ ಪಿಎಚ್‌ಕ್ಯೂ-9 ಅಂಕವೇ ಉತ್ತರ. ಆದರೆ ಅದರ ಮೂರನೇ ಪ್ರಶ್ನೆ ನಿದ್ದೆಯದೇ. ನಾಲ್ಕನೆಯದು ಸುಸ್ತಿನದು. ನಿದ್ದೆಯ ಮಾಹಿತಿ ಕೊಟ್ಟು, ನಿದ್ದೆಯ ಪ್ರಶ್ನೆಯೂ ಸೇರಿರುವ ಅಂಕವನ್ನು ಊಹಿಸು ಅಂದರೆ ಉತ್ತರದ ಒಂದು ಚೂರನ್ನು ಪ್ರಶ್ನೆಯಲ್ಲೇ ಕೊಟ್ಟ ಹಾಗಾಯಿತಲ್ವಾ? ಆ ಪ್ರಶ್ನೆಯನ್ನು ತೆಗೆದು ಲೆಕ್ಕ ಹಾಕಬೇಕು. ಅದಕ್ಕಿಂತ ಒಳ್ಳೆಯದು, ತರಬೇತಿ ಇರುವವರು ಎದುರು ಕೂತು ಮಾತಾಡಿ ಹೇಳಿದ್ದನ್ನೇ ಉತ್ತರವಾಗಿ ಇಟ್ಟುಕೊಳ್ಳುವುದು. ಅದಕ್ಕೆ ಖರ್ಚು ಜಾಸ್ತಿ, ಸಮಯ ಜಾಸ್ತಿ. ಆದರೂ ಅಲ್ಲಿ ಉಳಿತಾಯ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಬ್ರಿಟನ್ನಿನಲ್ಲಿ ಕಲಿತ ಮಷಿನ್ ನಮ್ಮಲ್ಲಿ ನಡೆಯುತ್ತದಾ? ಯುಕೆ ಬಯೋಬ್ಯಾಂಕ್‌ಗೆ ಸೇರಿದಾಗ ಜನರ ವಯಸ್ಸು 40ರಿಂದ 69. ಬಹುತೇಕ ಎಲ್ಲರೂ ಬಿಳಿಯರು. ಬೆಂಗಳೂರಿನಲ್ಲಿ ಅಮೆರಿಕದ ಹಗಲಿಗೆ ಕೆಲಸ ಮಾಡುವ ಹುಡುಗಿ ಬೆಳಗ್ಗೆ ಆರಕ್ಕೆ ಮಲಗುತ್ತಾಳೆ. ರಾತ್ರಿ ಬಸ್ಸು ಓಡಿಸುವ ಡ್ರೈವರ್, ನೈಟ್ ಡ್ಯೂಟಿಯ ನರ್ಸ್, ಹಾಲು ಕರೆಯಲು ನಾಲ್ಕಕ್ಕೆ ಏಳುವ ಮನೆಯಾಕೆ, ಎಳೆ ಮಗುವಿನ ತಾಯಿ. ಇವರೆಲ್ಲರ ಮಣಿಕಟ್ಟಿನ ದಾಖಲೆ ಆ ಮಷಿನ್ ಕಣ್ಣಿಗೆ ಕಾಯಿಲೆಯ ಹಾಗೆ ಕಾಣಬಹುದು. ಇವರಲ್ಲಿ ಕೆಲವರಿಗೆ ನಿಜವಾಗಿಯೂ ಅಪಾಯ ಇರಬಹುದು, ರಾತ್ರಿ ಪಾಳಿ ಮೈಗೂ ಮನಸ್ಸಿಗೂ ಹಗುರವಲ್ಲ. ಆದರೆ ಯಾರಿಗೆ ಇದೆ, ಯಾರಿಗೆ ಇಲ್ಲ ಅಂತ ಹೇಳಲು ಅದು ಇಂಥವರನ್ನು ಮೊದಲು ಸಾಕಷ್ಟು ನೋಡಿರಬೇಕು. ಭಾಷೆಯೂ ಹಾಗೇ. "ನನಗೆ ಖಿನ್ನತೆ" ಅಂತ ನಮ್ಮ ಹಳ್ಳಿಯಲ್ಲಿ ಯಾರೂ ಹೇಳುವುದಿಲ್ಲ. ಎದೆ ಭಾರ, ಕೈಕಾಲು ಸೋಲು, ಯಾವುದೂ ಬೇಡ ಅನಿಸುತ್ತೆ, ತಲೆಯಲ್ಲಿ ಏನೋ ಓಡುತ್ತೆ ಅನ್ನುತ್ತಾರೆ. ಕನ್ನಡದಲ್ಲಿ ಪ್ರಶ್ನೆ ಕೇಳುವ ಮಷಿನ್‌ಗೆ ಈ ಮಾತುಗಳು ಅರ್ಥವಾಗಬೇಕು.

ಮಾಹಿತಿ ಯಾರ ಕೈಗೆ ಹೋಗುತ್ತದೆ ಅನ್ನುವುದರ ಬಗ್ಗೆ ನನಗೆ ಆತಂಕ ಇದೆ. ಕಂಪನಿಯೇ ನೌಕರರಿಗೆ ನಿದ್ದೆ ಅಳೆಯುವ ವಾಚು ಕೊಟ್ಟು, "ಈ ಹತ್ತು ಜನರಿಗೆ ಅಪಾಯ" ಅನ್ನುವ ಪಟ್ಟಿ ಮ್ಯಾನೇಜರ ಮೇಜಿಗೆ ಬಂದರೆ ಏನಾಗಬಹುದು ಯೋಚಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಯಲ್ಲಿ ಇರುವವರ ಮಾಹಿತಿ ಗುಟ್ಟಾಗಿರಬೇಕು ಅನ್ನುತ್ತದೆ. ಆದರೆ ಮಷಿನ್ ಹಾಕಿದ ಗುರುತು ಇನ್ನೂ ಚಿಕಿತ್ಸೆಯೇ ಅಲ್ಲ, ಬರೀ ಊಹೆ. ಊಹೆಯನ್ನೂ ಅಷ್ಟೇ ಜೋಪಾನವಾಗಿ ಕಾಯಬೇಕು. ಅದನ್ನು ನೋಡುವ ಹಕ್ಕು ಆ ವ್ಯಕ್ತಿಗೆ ಮತ್ತು ಅವರು ಒಪ್ಪಿದ ಡಾಕ್ಟರಿಗೆ ಮಾತ್ರ ಇರಬೇಕು.

ಗುರುತು ಹಾಕಿದ ಮೇಲೆ ಏನು? ಕಳಿಸಲು ಜಾಗ ಇಲ್ಲದಿದ್ದರೆ ಜರಡಿ ಹಿಡಿದು ಉಪಯೋಗವಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಹಳೆಯ ಅನುಭವ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಮಾನಸಿಕ ಕಾಯಿಲೆ ಗುರುತಿಸುವ ಕೆಲಸ ಮಾಡಿ ತೋರಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ಮಷಿನ್ ಕೂರಬೇಕಾದ ಜಾಗ ಅಂಥ ಆರೋಗ್ಯ ಕೇಂದ್ರ ಅಂತ ನನಗೆ ಅನಿಸುತ್ತದೆ. ನಿದ್ದೆ ಬರ್ತಿಲ್ಲ ಅಂತ ಬಂದವರ ಚೀಟಿಯ ಮೇಲೆ ಅದು "ಇವರ ಜೊತೆ ಇನ್ನೈದು ನಿಮಿಷ ಕೂತು ಮಾತಾಡಿ" ಅಂತ ಬರೆದರೆ ಸಾಕು. ಯಾಕೆ ಹಾಗೆ ಅನಿಸಿತು ಅಂತಲೂ ಹೇಳಬೇಕು. ಬೆಳಗಿನ ಜಾವದ ಎಚ್ಚರ, ಕುಗ್ಗಿದ ಓಡಾಟ, ಹೀಗೆ. ಯಾವ ಮಾಹಿತಿ ತೀರ್ಮಾನವನ್ನು ಎತ್ತ ಎಳೆಯಿತು ಅಂತ ತೋರಿಸುವ ವಿಧಾನಗಳು ಈಗ ಇವೆ. ಕಾರಣ ಗೊತ್ತಿದ್ದರೆ ಎಲ್ಲಿಂದ ಮಾತು ಶುರು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಆ ಐದು ನಿಮಿಷದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ಪಿಎಚ್‌ಕ್ಯೂ-9ರ ಕೊನೆಯದು. ಬದುಕಿರುವುದಕ್ಕಿಂತ ಸಾಯುವುದೇ ವಾಸಿ ಅನಿಸಿದೆಯಾ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುವುದಿಲ್ಲ. ಆದರೆ ಅದನ್ನು ರಾತ್ರಿ ಎರಡು ಗಂಟೆಗೆ ಮೊಬೈಲ್ ಪರದೆ ಕೇಳಿ, "ಹೌದು" ಅಂತ ಒತ್ತಿದವರಿಗೆ ಧನ್ಯವಾದ ಹೇಳಿ ಮುಚ್ಚಿಕೊಳ್ಳುವುದು ಸಲ್ಲದು. "ಹೌದು" ಅಂದ ಕ್ಷಣವೇ ಆ ಕಡೆ ಒಬ್ಬ ಮನುಷ್ಯ ಇರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416. ದುಡ್ಡು ಇಲ್ಲ, ದಿನದ 24 ಗಂಟೆಯೂ ಸಿಗುತ್ತದೆ. ಮೂರು ಗಂಟೆಗೆ ಎಚ್ಚರವಾಗಿ ಮೆಟ್ಟಿಲ ಮೇಲೆ ಕೂತವರೂ ಆಗಲೇ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.